ಎತ್ತಿ ಕುಡಿದ ಲ್ವಾರ್

ಆ ವಾರವಿಡೀ ನನ್ನ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಅಪ್ಪರ್ ಹಿಲ್‌ನ ನಮ್ಮ ಕಚೇರಿ ಫ್ರಾನ್ಸಿನಿಂದ ವೈನ್ ತರಿಸಿ ನೈರೋಬಿಯ ಹೋಟೆಲುಗಳಿಗೆ ಮಾರುತ್ತದೆ. ಲ್ವಾರ್ ನದಿಯ ದಂಡೆಯ ದ್ರಾಕ್ಷಿ ತೋಟಗಳನ್ನು ನೋಡಿಬರಲು ಇಬ್ಬರನ್ನು ಕಳಿಸುತ್ತಾರೆಂದು ಸುದ್ದಿ. ನಾನು ಹೋಗಲೇಬೇಕಿತ್ತು. ಮೂರು ವರ್ಷದಿಂದ ಕ್ಯಾಟಲಾಗು ಬರೆಯುತ್ತ ಆ ನದಿಯನ್ನು ಬಾಯಿಪಾಠ ಮಾಡಿದ್ದೆ. ಸಮುದ್ರದ ಹತ್ತಿರ ಉಪ್ಪುಗಾಳಿಯ ಬಿಳಿ ವೈನ್. ನಡುವೆ ಒಂದೇ ದ್ರಾಕ್ಷಿಯಿಂದ ಹುಳಿಯದೂ ಉಂಟು, ಜೇನಿನಂಥದೂ ಉಂಟು. ಪಕ್ಕದ ಊರಿನ ಕೆಂಪಿಗೆ ದೊಣ್ಣೆಮೆಣಸಿನಕಾಯಿಯ ಘಮ. ಇನ್ನೂ ಮೇಲಕ್ಕೆ ಹೋದರೆ ಒದ್ದೆ ಬಳಪದ ವಾಸನೆ. ಒಂದೇ ನದಿಯ ಊರುಗಳಿಗೆ ಇಷ್ಟೊಂದು ಸ್ವಭಾವಗಳು ಹೇಗೆ ಬಂದವು? ಕಣ್ಣಾರೆ ನೋಡದೆ ನನಗೆ ಸಮಾಧಾನವಿರಲಿಲ್ಲ.

ಆಯ್ಕೆಗೆಂದು ಬಾಸ್ ನಮ್ಮನ್ನೆಲ್ಲ ಕರೆನ್ ಬಡಾವಣೆಯಲ್ಲಿರುವ ತಮ್ಮ ಮನೆಗೆ ಕರೆದರು. ಅವರದೊಂದು ವಿಚಿತ್ರ ಪದ್ಧತಿ: ಒಂದೇ ಗ್ಲಾಸು ಕೈಯಿಂದ ಕೈಗೆ ಹೋಗಬೇಕು, ಎಲ್ಲರೂ ಅದೇ ವೈನಿನ ಬಗ್ಗೆ ಮಾತಾಡಬೇಕು. ದಿನಾ ನನ್ನ ಜೊತೆ ಊಟಕ್ಕೆ ಕೂರುವ ಗೆಳತಿ, ಕೀನ್ಯಾದವಳೇ, ಕಿಸುಮು ಊರಿನವಳು, ಒಂದು ಗುಟುಕು ಹೀರಿ ಗ್ಲಾಸನ್ನು ನನಗೆ ಕೊಟ್ಟಳು. ನಾನೋ, ಹುಟ್ಟಿದಾರಭ್ಯದ ರೂಢಿಯಂತೆ, ತಲೆ ಹಿಂದಕ್ಕೆ ವಾಲಿಸಿ, ತುಟಿಗೆ ತಾಗಿಸದೆ ಎತ್ತಿ ಸುರಿದುಕೊಂಡೆ. ಅರ್ಧ ಗಂಟಲಿಗೆ, ಅರ್ಧ ಕುರ್ತಾಗೆ. ಎಲ್ಲರೂ ನಕ್ಕರು. ಅವಳೊಬ್ಬಳು ನಗಲಿಲ್ಲ.

"ನಾನು ಕುಡಿದೆ ಅಂತಾನಾ?" ಮೆಲ್ಲಗೆ ಕೇಳಿದಳು.

"ಅಯ್ಯೋ, ನೋ! ಅಮ್ಮ ಕುಡಿದ ಲೋಟ ಆದ್ರೂ ನಾವು ಹಿಂಗೇ. ಜಸ್ಟ್ ಹ್ಯಾಬಿಟ್."

ಎಂಜಲು ಎಂದರೇನೆಂದು ಇಂಗ್ಲಿಷಿನಲ್ಲಿ ವಿವರಿಸಹೋದೆ. ಹೇಳಿದಷ್ಟೂ ಅವಳನ್ನೇ ಕೊಳಕು ಎಂದಂತೆ ಕೇಳಿಸಿತು. "ಹಕೂನ ಶಿದಾ, ಪರವಾಗಿಲ್ಲ ಬಿಡು" ಎಂದಳು. ಇಂಗು ತಿಂದ ಮಂಗನಂತೆ ಕೂತೆ. ಆಮೇಲಿನ ಗ್ಲಾಸುಗಳಿಗೆಲ್ಲ ಬೇಕೆಂದೇ ಗಟ್ಟಿಯಾಗಿ ತುಟಿಯಿಟ್ಟೆ. ವಾಸನೆಗಳನ್ನು ಸರಿಯಾಗಿಯೇ ಹೇಳಿದೆ. ಅವಳು ನನ್ನತ್ತ ನೋಡುತ್ತಿದ್ದಾಳೋ ಎಂಬುದೊಂದೇ ಚಡಪಡಿಕೆ.

ಕೊನೆಗೆ ಬಾಸ್ ಆರಿಸಿದ್ದು ನಮ್ಮಿಬ್ಬರನ್ನೇ. ನನಗೆ ಕುಣಿಯುವಷ್ಟು ಖುಷಿ.

"ಹೋಟೆಲಲ್ಲಿ ಇಬ್ಬರಿಗೂ ಒಂದೇ ರೂಮ್ ಸಾಕಲ್ವಾ?" ಎಂದು ಕೇಳಿದರು.

"ಎರಡು ಮಾಡಿ," ಅವಳೇ ಉತ್ತರಿಸಿದಳು, ಸಿಟ್ಟಿಲ್ಲದೆ, ನನ್ನ ಭುಜ ತಟ್ಟುತ್ತ. "ಇವಳಿಗೆ ಕಷ್ಟ ಆಗಬಾರದು."

ಬೇಡ, ಒಂದೇ ಸಾಕು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಬಾಸ್ ಬರೆದುಕೊಂಡಾಗಿತ್ತು.