ರೇಡಾನ್ ಡಬ್ಬಿಗೆ ರಾಜಮರ್ಯಾದೆ

ಪ್ಲಾಸ್ಟಿಕ್ ಡಬ್ಬಿಯೊಂದಕ್ಕೆ ಕುಂಕುಮ ಹಚ್ಚಿದ್ದನ್ನು ನೀವು ಕಂಡಿದ್ದೀರಾ? ಕಳೆದ ತಿಂಗಳು ಇರಕಲ್ಲಗಡ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಕಣ್ಣಾರೆ ಕಂಡೆ.

ಡಬ್ಬಿಯನ್ನು ಅಲ್ಲಿಟ್ಟವನು ನಾನೇ. ನೆಲದಡಿಯ ಕಲ್ಲು-ಮಣ್ಣಿನಿಂದ ಹೊರಬರುವ ರೇಡಾನ್ ಎಂಬ ಅನಿಲವನ್ನು ಅಳೆಯುವ ಸಾಧನವದು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಮುಚ್ಚಿದ ಕೋಣೆಯಲ್ಲಿ ಶೇಖರವಾದರೆ, ವರ್ಷಗಟ್ಟಲೆ ಉಸಿರಾಡಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ತರಬಲ್ಲದು. (ನಮ್ಮ ಕೊಪ್ಪಳದಲ್ಲಿ ಬಂಡೆಗಲ್ಲಿಗೇನು ಬರವೇ?) ಶಾಲಾ ಕಟ್ಟಡಗಳಲ್ಲಿ ಈ ಪರೀಕ್ಷೆ ಕಡ್ಡಾಯವಾಗಲೇಬೇಕೆಂದು ಸಿಕ್ಕ ವೇದಿಕೆಗಳಲ್ಲೆಲ್ಲ ವಾದಿಸುತ್ತ ಬಂದವನು ನಾನು. ಪರಿಚಯದ ಪ್ರಾಧ್ಯಾಪಕರೊಬ್ಬರಿಂದ ಡಬ್ಬಿ ತಂದು ಒಂದನೇ ತರಗತಿಯ ಕೋಣೆಯಲ್ಲಿಟ್ಟೆ.

ಆ ಕೋಣೆಯನ್ನೇ ಆರಿಸಲು ಕಾರಣವಿತ್ತು. ಬಿಸಿಯೂಟದ ತಟ್ಟೆಗೇ ಕೈಹಾಕುವ ಮಂಗಗಳ ಕಾಟಕ್ಕೆ ಅಲ್ಲಿನ ಕಿಟಕಿಗಳು ವರ್ಷವಿಡೀ ಮುಚ್ಚಿರುತ್ತವೆ. ನೆಲವೋ, ಬಿರುಕುಗಳ ನಕ್ಷೆ. ಕೋಣೆ ದಿನವೂ ಹೇಗಿರುತ್ತದೋ ಹಾಗೆಯೇ ಇರಲೆಂದು ಹೆಡ್‌ಮಾಸ್ತರರಿಗೆ ಮೂರು ಸಲ ಹೇಳಿದೆ. ಅವರು ಮೂರೂ ಸಲ ತಲೆಯಾಡಿಸಿದರು.

ಡಬ್ಬಿ ಒಯ್ಯಲು ಹೋದಾಗ ನೋಡುತ್ತೇನೆ: ಕಿಟಕಿಗಳೆಲ್ಲ ಹಾರುಹೊಡೆದಿವೆ. ಬಾಗಿಲಿಗೆ ಮಾವಿನ ತೋರಣ. ಬಿರುಕಿಗೆ ಹೊಸ ಸಿಮೆಂಟು. ಕುಂಕುಮ ಹಚ್ಚಿದ ಡಬ್ಬಿಯ ಎದುರು ಸ್ಟ್ಯಾಂಡ್ ಫ್ಯಾನ್ ಗರಗರ ತಿರುಗುತ್ತಿದೆ. ಮಕ್ಕಳು? ಅವರು ಇದ್ದರೆ ಕೋಣೆ ಹೊಲಸಾದೀತೆಂದು ಬೇವಿನ ಮರದ ಕೆಳಗೆ!

"ತಪಾಸಣಿ ಅಂದ್ರ ಸುಮ್ನ ಏನ್ರಿ ಸರ? ಸಾಲಿ ಮರ್ಯಾದಿ ಪ್ರಶ್ನೆ ಐತಿ" ಎಂದರು ಹೆಡ್‌ಮಾಸ್ತರರು, ಬೆವರೊರೆಸಿಕೊಳ್ಳುತ್ತ.

ಅವರನ್ನು ದೂರುವುದು ಹೇಗೆ? ಮೇಲಿನವರು ಬರುತ್ತಾರೆಂದರೆ ರಾತ್ರೋರಾತ್ರಿ ರಸ್ತೆಯೇ ಹುಟ್ಟುವ ನಾಡಿದು. ಪಾಪ, ಒಂದು ಕಿಟಕಿ ತೆರೆದದ್ದು ಯಾವ ಮಹಾಪರಾಧ?

ಮೊನ್ನೆ ವರದಿ ಬಂತು: ಆತಂಕಕ್ಕೆ ಕಾರಣವಿಲ್ಲ. ಹೆಡ್‌ಮಾಸ್ತರರು ಅದಕ್ಕೆ ಲ್ಯಾಮಿನೇಶನ್ ಮಾಡಿಸಿದ್ದಾರೆ. ಈ ಫಲಿತಾಂಶಕ್ಕೆ ಅರ್ಥವಿಲ್ಲ, ಮತ್ತೊಮ್ಮೆ ಪರೀಕ್ಷಿಸೋಣವೆಂದು ಅಂಗಲಾಚಿದೆ.

"ಪಾಸಾದ ಹುಡುಗನ್ನ ಮತ್ತ ಪರೀಕ್ಷಾಕ್ಕ ಕೂಡಸ್ತಾರೇನ್ರಿ?" ಎಂದು ನಕ್ಕರು. ನಿಯಮದಲ್ಲಿ ಎಲ್ಲಿದೆ ತೋರಿಸಿರೆಂದೂ ಕೇಳಿದರು. ನಿಯಮವೇ ಇಲ್ಲವಲ್ಲ, ಏನು ತೋರಿಸಲಿ?

ಗೇಟಿನ ಬಳಿ ಒಂದನೇ ತರಗತಿಯ ಮುಮ್ತಾಜ್ ಟೀಚರ್ ಸಿಕ್ಕರು. ಆ ಕೋಣೆಯಲ್ಲೇ ಅವರಿಗೆ ಒಂಬತ್ತು ವರ್ಷ ಕಳೆದಿದೆ. ಈ ಸಲ ಅವರ ಮಗಳೂ ಅಲ್ಲಿಯೇ ಓದುತ್ತಾಳೆ.

"ಡಬ್ಬಿ ಹೋತು, ಕಿಟಕಿ ಮತ್ತ ಮುಚ್ಯಾರ್ರಿ" ಎಂದರು. "ಒಂದು ಜಾಳಗಿ ಬಡಿಸ್ರಿ, ಮಂಗ್ಯಾ ಹೊರಗಿರತಾವ, ಗಾಳಿ ಒಳಗ ಬರತೈತಿ ಅಂದೆ. ವರದಿ ಛಲೋ ಬಂದೈತಿ, ಇನ್ನ ಜಾಳಗಿ ಯಾಕ ಅಂದ್ರು ಹೆಡ್‌ಮಾಸ್ತರು."

ಪರೀಕ್ಷೆಯನ್ನು ಕಡ್ಡಾಯ ಮಾಡಿ ಎಂದು ಸರ್ಕಾರವನ್ನು ಇನ್ನೂ ಕೇಳುತ್ತೇನೆ. ಆದರೆ ಡಬ್ಬಿಗಾಗಿ ಯಾರೂ ಹೇಳದೆಯೇ ತೆರೆದುಕೊಂಡ ಕಿಟಕಿ, ಮಕ್ಕಳಿಗಾಗಿ ತೆರೆದುಕೊಳ್ಳಲು ಯಾರ ಆದೇಶ ಬೇಕು?