ಅತ್ತೆ ಹೊಗಳತೊಡಗಿದ ಮೇಲೆ

ಮದುವೆಯಾಗಿ ಹನ್ನೊಂದು ವರ್ಷ ನನ್ನ ಅತ್ತೆ ನಾನು ಮಾಡಿದ ಅಡುಗೆಯನ್ನು ಒಮ್ಮೆಯೂ ಚೆನ್ನಾಗಿದೆ ಎಂದಿರಲಿಲ್ಲ. ಬೈಯುತ್ತಿದ್ದರು ಎಂದಲ್ಲ, ತಿದ್ದುತ್ತಿದ್ದರು. ನೈವೇದ್ಯಕ್ಕೆ ಮುಂಚೆ ಅಡುಗೆಯನ್ನು ಬಾಯಿಗೆ ಹಾಕಿ ನೋಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಹಾಗಾಗಿ ಅವರ ತೀರ್ಪೆಲ್ಲ ಮೂಗಿನಿಂದ. ನಡುಮನೆಯಲ್ಲಿ ಹೂಬತ್ತಿ ಹೊಸೆಯುತ್ತ ಕೂತಲ್ಲಿಂದಲೇ, ಸಾರಿಗೆ ಜೀರಿಗೆ ಸಾಲದು, ಹುಳಿಗೆ ಇಂಗು ಜಾಸ್ತಿಯಾಯಿತು ಎಂದು ಹೇಳಿಬಿಡುತ್ತಿದ್ದರು. ಊಟಕ್ಕೆ ಕೂತಾಗ ನೋಡಿದರೆ ಅವರು ಹೇಳಿದ್ದೇ ಸರಿಯಾಗಿರುತ್ತಿತ್ತು. ಅದೇ ನನಗೆ ಹೆಚ್ಚು ಉರಿ.

ತೊಂಬತ್ತರ ದಶಕದ ಕೊನೆಯ ಒಂದು ವರ್ಷ, ಬೇಸಿಗೆ ಶುರುವಾಗುವ ಹೊತ್ತು. ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ನಮ್ಮ ಮನೆ. ನಾನು ಬಸವನಗುಡಿಯ ಹೈಸ್ಕೂಲೊಂದರಲ್ಲಿ ಸಮಾಜ ಪಾಠ ಮಾಡುತ್ತಿದ್ದೆ. ನನ್ನ ಗಂಡನಿಗೆ ಸರ್ಕಾರಿ ಕಚೇರಿಯಲ್ಲಿ ಕೆಲಸ. ಅತ್ತೆಗೆ ಆ ಸಲ ಹತ್ತು ದಿನ ಬಿಡದೆ ಜ್ವರ, ವಿಪರೀತ ನೆಗಡಿ. ಜ್ವರ ಬಿಟ್ಟ ಮೇಲೆ ಮೊದಲ ದಿನ ಊಟಕ್ಕೆ ಕೂತವರು ಎರಡು ತುತ್ತು ತಿಂದು, ತಟ್ಟೆಯನ್ನೇ ಸ್ವಲ್ಪ ಹೊತ್ತು ನೋಡಿ, "ಚೆನ್ನಾಗಿದೆ ಕಣೆ," ಅಂದರು.

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಜ್ವರದ ನಿಶ್ಶಕ್ತಿ ಅಂದುಕೊಂಡೆ. ಮರುದಿನವೂ ಅದೇ ಮಾತು. ಅದರ ಮರುದಿನ ಹುರುಳಿಕಾಯಿ ಪಲ್ಯ ನೋಡಿ, ಎಷ್ಟು ಸಣ್ಣಗೆ ಹೆಚ್ಚಿದೀಯ, ಒಂದರ ಹಾಗೆ ಒಂದಿದೆ ಎಂದರು. ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಬೆಳಗ್ಗೆ ನಾನು ಅಡುಗೆ ಮಾಡುವಾಗ ಒಂದು ಮಣೆ ಎಳೆದುಕೊಂಡು ಬಂದು ಅಡುಗೆಮನೆಯ ಹೊಸ್ತಿಲಾಚೆ ಕೂರತೊಡಗಿದರು. ಮಾತಿಲ್ಲ, ತಿದ್ದುವುದಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದರು. ಬೆನ್ನ ಮೇಲೆ ಯಾರೋ ಕಣ್ಣಿಟ್ಟಿದ್ದಾರೆಂದು ಗೊತ್ತಾದರೆ ಒಗ್ಗರಣೆ ಕೂಡ ಸೀಯುತ್ತದೆ. ಪರೀಕ್ಷೆಯಲ್ಲಿ ಹುಡುಗರ ಮಧ್ಯೆ ನಾನು ಓಡಾಡುವಾಗ ಅವರಿಗೆ ಹೀಗೇ ಆಗುತ್ತಿತ್ತೇನೋ.

ಒಂದು ಕಾರಣ ಇರಲೇಬೇಕು ಎಂದು ಹುಡುಕಿದೆ. ಹುಡುಕುವವರಿಗೆ ಕಾರಣ ಸಿಗದೆ ಇರುತ್ತದೆಯೇ? ನಮ್ಮ ಮಹಡಿಯ ಬಾಡಿಗೆಯವರು ಆ ತಿಂಗಳಷ್ಟೇ ಖಾಲಿ ಮಾಡಿದ್ದರು. ಮಲ್ಲೇಶ್ವರದಲ್ಲಿದ್ದ ನನ್ನ ನಾದಿನಿ, ಮೂರು ತಿಂಗಳಿಗೊಮ್ಮೆ ಬರುತ್ತಿದ್ದವಳು, ಹದಿನೈದು ದಿನದಲ್ಲಿ ಎರಡು ಸಲ ಬಂದು ಹೋಗಿದ್ದಳು. ಅಮ್ಮ ಮಗಳು ವರಾಂಡದಲ್ಲಿ ಕೂತು ತಗ್ಗಿದ ದನಿಯಲ್ಲಿ ಮಾತಾಡಿದ್ದರು. ನಾನು ಕಾಫಿ ಲೋಟ ಹಿಡಿದು ಹೋದಾಗ ಮಾತು ನಿಂತಿತ್ತು. ನನ್ನ ಲೆಕ್ಕ ಸರಿಹೋಯಿತು. ಮಹಡಿಯಲ್ಲಿ ಮಗಳ ಸಂಸಾರವನ್ನು ತಂದಿಡಬೇಕು, ಅದಕ್ಕೆ ಸೊಸೆ ಅಡ್ಡ ಬರಬಾರದು, ಅದಕ್ಕೇ ಈ ಬೆಣ್ಣೆ.

ಗಂಡನಿಗೆ ಹೇಳಿದೆ. ಅವರು ಪೇಪರು ಮಡಚಲೂ ಇಲ್ಲ. "ಅಮ್ಮ ತಪ್ಪು ಹುಡುಕಿದ್ರೂ ತಪ್ಪು, ಹೊಗಳಿದ್ರೂ ತಪ್ಪಾ?" ಎಂದು ಕೇಳಿದರು. ಅವರಿಗೂ ಇದರಲ್ಲಿ ಪಾಲಿರಬಹುದೆಂದು ಆಗ ಅನ್ನಿಸಿತು.

ಒಂದು ಶನಿವಾರ ಹಾಲು ತಳ ಹಿಡಿದು ಸೀದುಹೋಯಿತು. ಬೇರೆ ಹಾಲಿರಲಿಲ್ಲ, ಅದರಲ್ಲೇ ಕಾಫಿ ಬೆರೆಸಿದೆ. ಗಂಡ ಒಂದು ಗುಟುಕು ಕುಡಿದು ಮುಖ ಹಿಂಡಿ ಲೋಟ ಕೆಳಗಿಟ್ಟರು. ಅತ್ತೆ ಮಾತ್ರ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಪೂರ್ತಿ ಕುಡಿದು, ಬಿಸಿ ಹದವಾಗಿತ್ತು ಎಂದರು. ಬೀದಿಯ ಕೊನೆಯ ಮನೆಯಲ್ಲಿ ಹಾಲು ಸೀದರೆ ಇಲ್ಲಿಂದ ಹೇಳುತ್ತಿದ್ದ ಹೆಂಗಸು! ಇದು ಬರೀ ನಾಟಕ ಎಂಬುದು ನನಗೆ ಖಚಿತವಾಯಿತು. ಖಚಿತವಾದದ್ದನ್ನು ಇನ್ನೂ ಖಚಿತ ಮಾಡಿಕೊಳ್ಳಲು ಸೋಮವಾರ ಬೇಕೆಂದೇ ಸಾರಿಗೆ ಇಂಗು ಹಾಕಲಿಲ್ಲ, ತುಪ್ಪದ ಬದಲು ಎಣ್ಣೆಯಲ್ಲಿ ಒಗ್ಗರಣೆ ಕೊಟ್ಟೆ. ಅತ್ತೆ ಎರಡನೆಯ ಸಲ ಬಡಿಸಿಕೊಂಡರು. "ಸಾರು ಒಳ್ಳೇ ಬಣ್ಣ ಬಂದಿದೆ," ಅಂದರು. ಕಣ್ಣಲ್ಲಿ ಕಣ್ಣಿಟ್ಟು ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲರಲ್ಲ ಎಂದು ನನಗೆ ಭಯವೇ ಆಯಿತು.

ಅದೇ ವಾರ ಸ್ಕೂಲಿನ ಸಹೋದ್ಯೋಗಿಯೊಬ್ಬಳು, ನಿಮ್ಮತ್ತೆಯನ್ನು ಗಾಂಧಿಬಜಾರಿನ ಹೂವಿನಂಗಡಿಗಳ ಹತ್ತಿರ ಎರಡು ಸಲ ನೋಡಿದೆ, ಸುಮ್ಮನೆ ನಿಂತಿದ್ದರು ಎಂದಳು. ಅತ್ತೆ ನನಗೆ ಹೇಳಿ ಹೋಗುತ್ತಿದ್ದದ್ದು ಗವಿಪುರದ ದೇವಸ್ಥಾನಕ್ಕೆ. ನಮಗೆ ದಿನಾ ಹೂ ಕೊಡುವವಳು ಮನೆ ಬಾಗಿಲಿಗೇ ಬರುತ್ತಾಳೆ. ಹಾಗಿರುವಾಗ ಅಲ್ಲೇನು ಕೆಲಸ? ನಾದಿನಿಯನ್ನು ಭೇಟಿಯಾಗುವ ಜಾಗವೇ?

ಮುಂದಿನ ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ನೇರವಾಗಿ ಗಾಂಧಿಬಜಾರಿಗೆ ಹೋಗಿ, ತೆಂಗಿನಕಾಯಿ ಅಂಗಡಿಯ ಮಗ್ಗುಲಲ್ಲಿ ನಿಂತೆ. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು, ಆದರೆ ಕಾಲು ಕೀಳಲಿಲ್ಲ. ಅತ್ತೆ ಬಂದರು. ಒಬ್ಬರೇ. ಒಂದು ಅಂಗಡಿಯ ಮುಂದೆ ನಿಂತು ಸಂಪಿಗೆ ಎತ್ತಿಕೊಂಡರು, ಮೂಗಿಗೆ ಹಿಡಿದರು, ಇಟ್ಟರು. ಆಮೇಲೆ ಜಾಜಿ. ಆಮೇಲೆ ಒಂದು ಎಸಳು ಮರುಗ ಕಿತ್ತು ಅಂಗೈಯಲ್ಲಿ ಉಜ್ಜಿ ಅದಕ್ಕೇ ಮುಖ ಒತ್ತಿ ನಿಂತುಬಿಟ್ಟರು. ಅಂಗಡಿಯವಳು ಏನೋ ಗದರಿದಳು. ಅತ್ತೆ ಅದನ್ನು ಕೊಂಡು, ಪಕ್ಕದ ಅಂಗಡಿಗೆ ಹೋಗಿ ಮತ್ತೆ ಅದನ್ನೇ ಮಾಡಿದರು.

ದೇವರಿಗೆ ತರುವ ಹೂವನ್ನು ಮೂಸಿ ನೋಡಬಾರದೆಂದು ನನ್ನ ಕೈಗೆ ಹೊಡೆದು ಕಲಿಸಿದವರು ಅವರೇ. ನನ್ನ ಸಂಶಯ ಆ ಕ್ಷಣಕ್ಕೆ ದಿಕ್ಕು ಬದಲಿಸಿತು. ಮಹಡಿ ಅಲ್ಲ, ನಾದಿನಿ ಅಲ್ಲ, ಇವರಿಗೆ ತಲೆ ಕೆಡುತ್ತಿದೆ. ಹೋಗಿ ಕೈ ಹಿಡಿದು ಮನೆಗೆ ಕರೆತರಬೇಕಿತ್ತು. ತರಲಿಲ್ಲ. ಬೇರೆ ದಾರಿಯಿಂದ ಮನೆಗೆ ಬಂದು, ಅವರು ಬಂದಾಗ ಗವಿಪುರದಲ್ಲಿ ಜನ ಇದ್ದರಾ ಎಂದು ಕೇಳಿದೆ. ಇದ್ದರು ಎಂದರು. ಇಬ್ಬರೂ ಒಬ್ಬರಿಗೊಬ್ಬರು ಸುಳ್ಳು ಹೇಳಿ ಕೂತು ಊಟ ಮಾಡಿದೆವು.

ಅದಾಗಿ ನಾಲ್ಕೈದು ದಿನಕ್ಕೆ, ಸ್ಕೂಲಿನಲ್ಲಿ ಮೀಟಿಂಗು ಇದ್ದುದರಿಂದ ನಾನು ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಬಾಗಿಲು ತೆಗೆಯುತ್ತಲೇ ಗ್ಯಾಸಿನ ವಾಸನೆ ಗಪ್ಪನೆ ಬಡಿಯಿತು. ಪಾರಿವಾಳದ ಕಾಟಕ್ಕೆ ಅಡುಗೆಮನೆಯ ಕಿಟಕಿ ಮುಚ್ಚಿತ್ತು. ಅದರ ಪಕ್ಕದ ದೇವರ ಕೋಣೆಯಲ್ಲಿ ಅತ್ತೆ ಮುಖ ತೊಳೆದು, ಕುಂಕುಮ ಇಟ್ಟುಕೊಂಡು, ಬೆಂಕಿಪೊಟ್ಟಣದಿಂದ ಕಡ್ಡಿ ತೆಗೆಯುತ್ತಿದ್ದರು. ಎಂದಿನ ಹಾಗೆ, ಪೂರ್ತಿ ನೆಮ್ಮದಿಯಲ್ಲಿ.

"ಕಡ್ಡಿ ಗೀರ್ಬೇಡಿ," ಎಂದು ಕೂಗಿದೆ. ಓಡಿಹೋಗಿ ಪೊಟ್ಟಣ ಕಿತ್ತುಕೊಂಡೆ. ಅವರ ಬಳೆ ಒಡೆದು ಮಣಿಕಟ್ಟಿನಲ್ಲಿ ರಕ್ತ ಬಂತು. ಒಲೆಯ ಮೇಲೆ ಹಾಲು ಉಕ್ಕಿ ಉರಿ ಆರಿತ್ತು. ಪಾತ್ರೆ ಇಳಿಸಿದವರು ಒಲೆಯ ಗುಬುಟು ತಿರುಗಿಸಿರಲಿಲ್ಲ. ಅದನ್ನು ಮುಚ್ಚಿ, ಸಿಲಿಂಡರ್ ಬಂದ್ ಮಾಡಿ, ಕಿಟಕಿ ಬಾಗಿಲೆಲ್ಲ ತೆರೆದು, ಅವರನ್ನು ಹೊರಗೆ ಕರೆತಂದು ಜಗಲಿಯ ಮೇಲೆ ಕೂರಿಸಿದೆ. ನಿಮಗೆ ವಾಸನೆ ಬರಲಿಲ್ಲವಾ ಎಂದು ಕೇಳಿದೆ. ಕೇಳುವಾಗಲೇ ನನಗೆ ಗೊತ್ತಾಯಿತು.

ಅವರು ಸೆರಗಿನಿಂದ ಮಣಿಕಟ್ಟು ಒತ್ತಿ ಹಿಡಿದು ಬೀದಿ ನೋಡುತ್ತ ಕೂತರು. "ಜ್ವರ ಬಂದಾಗಿಂದ ಇಲ್ಲ ಕಣೆ," ಎಂದರು. "ಕರ್ಪೂರ ಇಲ್ಲ, ಹೂ ಇಲ್ಲ, ಏನೂ ಇಲ್ಲ. ಉಪ್ಪು, ಹುಳಿ, ಖಾರ ನಾಲಿಗೆಗೆ ಗೊತ್ತಾಗತ್ತೆ. ಮಿಕ್ಕಿದ್ದೆಲ್ಲ ಬರೀ ನೀರು."

ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅಡುಗೆಮನೆಯಲ್ಲಿ ತಮ್ಮ ಮಾತಿಗೆ ಬೆಲೆ ಇರುವುದಿಲ್ಲ ಎಂಬ ಹೆದರಿಕೆ. ಮಗಳಿಗೂ ಹೇಳಿರಲಿಲ್ಲವಂತೆ, ಅವಳು ಬಂದು ಹೋಗುತ್ತಿದ್ದದ್ದು ತನ್ನ ಗಂಡನ ವರ್ಗಾವಣೆಯ ಗೋಳು ಹೇಳಿಕೊಳ್ಳಲು. ನನಗೆ ಸಮಾಧಾನವಾಗಬೇಕಿತ್ತು. ಆದರೆ ಎದ್ದು ಬಂದದ್ದು ಸಿಟ್ಟು. "ಹಾಗಾದ್ರೆ ಚೆನ್ನಾಗಿದೆ ಚೆನ್ನಾಗಿದೆ ಅಂದಿದ್ದೆಲ್ಲ ಸುಳ್ಳಾ?" ಎಂದು ಕೇಳಿದೆ.

ಅವರು ಆಗ ನನ್ನ ಕಡೆ ತಿರುಗಿದರು. "ರುಚಿಗೆ ಹೇಳ್ಲಿಲ್ಲಮ್ಮ. ಮೊದ್ಲು ಮೂಗಿಗೆ ಏನು ತಪ್ಪು ಸಿಗತ್ತೋ ಅದನ್ನ ಹೇಳಿ ಮುಗಿಸ್ತಿದ್ದೆ. ಅದು ಹೋದ್ಮೇಲೆ ಏನು ಮಾಡ್ಲಿ, ನೀನು ಮಾಡೋದನ್ನ ನೋಡ್ತಾ ಕೂತೆ. ಬೆಳಗ್ಗೆ ಒಲೆ ಮುಂದೆ ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಕೊಂಡು ನಿಂತಿರ್ತೀಯ. ಹಿಮ್ಮಡಿ ಒಡೆದಿದೆ. ಎಲ್ಲರಿಗೂ ಬಡಿಸಿ, ನೀನು ನಿಂತೇ ತಿಂದು ಬಸ್ಸಿಗೆ ಓಡ್ತೀಯ. ಹನ್ನೊಂದು ವರ್ಷ ಒಂದೇ ಮನೇಲಿದ್ದು ನಾನಿದನ್ನ ನೋಡಿರ್ಲಿಲ್ಲ."

ಪಾದವನ್ನು ಸೀರೆಯ ಒಳಗೆ ಎಳೆದುಕೊಂಡೆ. ಒಳಗಿನ ವಾಸನೆ ಪೂರ್ತಿ ಹೋಗುವ ತನಕ ಇಬ್ಬರೂ ಅಲ್ಲೇ ಕೂತಿದ್ದೆವು. ಗಾಂಧಿಬಜಾರಿನಲ್ಲಿ ಅವರನ್ನು ಅಡಗಿ ನೋಡಿದ್ದನ್ನು ಹೇಳಬೇಕೆನ್ನಿಸಿತು, ಹೇಳಲಾಗಲಿಲ್ಲ. ಇವತ್ತಿಗೂ ಆ ಮಾತು ನನ್ನ ಬಳಿಯೇ ಉಳಿದಿದೆ.

ಕಿವಿ ಮೂಗು ಗಂಟಲಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು. ಬರಲಿಲ್ಲ. ಮಹಡಿಗೆ ಬೇರೆ ಬಾಡಿಗೆಯವರು ಬಂದರು. ಅತ್ತೆ ಒಲೆ ಮುಟ್ಟುವುದನ್ನು ಬಿಟ್ಟರು, ಮಣೆಯ ಮೇಲೆ ಕೂರುವುದನ್ನು ಬಿಡಲಿಲ್ಲ. ಈಗ ಕೇಳತೊಡಗಿದರು: ಒಗ್ಗರಣೆ ಹೇಗಿದೆ? ಮೆಂತ್ಯ ಘಮ್ಮೆಂದಿತಾ? ನಾನು ಚೆನ್ನಾಗಿದೆ ಎಂದರೆ ಒಪ್ಪುತ್ತಿರಲಿಲ್ಲ. "ಚೆನ್ನಾಗಿದೆ ಅಂದ್ರೆ ಹೇಗೆ, ಬಿಡಿಸಿ ಹೇಳು," ಎನ್ನುತ್ತಿದ್ದರು. ಹೇಳಲು ಹೋದಾಗಲೇ ಗೊತ್ತಾದದ್ದು, ನಾನು ಯಾವುದನ್ನೂ ಮೂಸಿಯೇ ಇರಲಿಲ್ಲವೆಂದು. ಕರಿಬೇವು ಎಣ್ಣೆಗೆ ಬಿದ್ದಾಗ ಮೊದಲು ಹಸಿ ವಾಸನೆ, ಎರಡು ಕ್ಷಣಕ್ಕೆ ಬೇರೆಯದೇ ಒಂದು. ಕೊತ್ತಂಬರಿ ಬೀಜ ಹುರಿಯುವಾಗ ನಿಂಬೆಯ ಸಿಪ್ಪೆಯ ನೆನಪು. ಇಷ್ಟನ್ನು ಹೇಳಲು ಎರಡು ನಿಮಿಷ ಒಲೆಯ ಮುಂದೆ ಸುಮ್ಮನೆ ನಿಲ್ಲಬೇಕಾಗುತ್ತಿತ್ತು. ಆ ಎರಡು ನಿಮಿಷದಲ್ಲಿ ಬಸ್ಸಾಗಲೀ ಹಾಜರಿ ಪುಸ್ತಕವಾಗಲೀ ತಲೆಗೆ ಬರುತ್ತಿರಲಿಲ್ಲ. ನನ್ನದು ಸಂಶಯದ ಬುದ್ಧಿ, ಇದನ್ನೂ ಅನುಮಾನಿಸಿದೆ. ನನ್ನನ್ನು ನಿಧಾನ ಮಾಡಲಿಕ್ಕೇ ಕೇಳುತ್ತಾರೇನೋ ಎಂದು. ಅದು ನಿಜವಿರಲೂಬಹುದು.

ಕೆಲವು ವರ್ಷ ಕಳೆದಿತ್ತು. ಅತ್ತೆಗೆ ಹೊರಗೆ ಹೋಗಲು ಕಾಲು ಸಹಕರಿಸುತ್ತಿರಲಿಲ್ಲ. ಒಂದು ಸಂಜೆ ಸ್ಕೂಲು ಬಿಟ್ಟು ಬರುವಾಗ ಬಸ್ಸಿನ ಕಿಟಕಿಯಿಂದ ಒಂದು ವಾಸನೆ ಬಂತು. ಬಿಸಿಯಾದದ್ದು, ಸ್ವಲ್ಪ ಹೊಗೆ, ಸ್ವಲ್ಪ ನೀರು. ಏನೆಂದು ತಿಳಿಯಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದೆ. ಮರದ ಕೆಳಗೆ ತಳ್ಳುಗಾಡಿಯ ಮೇಲೆ ಇದ್ದಿಲಿನ ಇಸ್ತ್ರಿಪೆಟ್ಟಿಗೆ. ಇಸ್ತ್ರಿಯವನು ಬಟ್ಟೆಗೆ ನೀರು ಚಿಮುಕಿಸಿ ಒತ್ತುತ್ತಿದ್ದ. ಮನೆಗೆ ಬಂದು ಹೇಳಿದೆ. ಅತ್ತೆ ಕಣ್ಣು ಮುಚ್ಚಿ ಕೇಳಿ, "ಯಾವ ಬಟ್ಟೆ? ಕಾಟನ್ನಾ?" ಎಂದರು. ನಾನು ನೋಡಿರಲಿಲ್ಲ.

ಮರುದಿನ ಮತ್ತೆ ಅಲ್ಲೇ ಇಳಿದೆ. ಕೈಯಲ್ಲಿ ಇಸ್ತ್ರಿಗೆ ಕೊಡಲು ಬಟ್ಟೆಯಿಲ್ಲ. ಗಾಡಿಯ ಪಕ್ಕದಲ್ಲಿ ನಿಂತು ಉಸಿರೆಳೆದುಕೊಳ್ಳುತ್ತಿದ್ದ ನನ್ನನ್ನು ಇಸ್ತ್ರಿಯವನು ಮೇಲಿಂದ ಕೆಳಗೆ ನೋಡಿದ.

"ಏನ್ ಬೇಕಿತ್ತಮ್ಮ?" ಎಂದ, ಅನುಮಾನದಿಂದ.

ಬಿಳಿ ಪಂಚೆ, ಕಾಟನ್ನೇ, ಅಂಚಿನ ಹತ್ತಿರ ಇನ್ನೂ ಒದ್ದೆ. ನೋಡಿಕೊಂಡೆ. ಏನಿಲ್ಲಪ್ಪ ಎಂದು ಹೇಳಿ ಮನೆಯ ಕಡೆ ಹೆಜ್ಜೆ ಹಾಕಿದೆ.