ಮಾವಶಿ ಮಾಡಿಸಿಟ್ಟ ಡಿ.ಡಿ.

ಮೊನ್ನೆ ಸಂಜೆ ಬೊಂಬಾಯಿಯ ಹೊರಗಿನ ಕಾಮೋಠೆಯ ನಮ್ಮ ಬಿಲ್ಡಿಂಗಿನ ಲಿಫ್ಟು ಮೂರನೆಯ ಮಹಡಿಯಲ್ಲಿ ನಿಂತು ಬಾಗಿಲು ತೆರೆದಾಗ ಜೋಳದ ರೊಟ್ಟಿ ಸುಡುವ ವಾಸನೆ ಬಂತು. ಹತ್ತುವವರು ಯಾರೂ ಇರಲಿಲ್ಲ. ನನ್ನ ಮನೆ ಇರುವುದು ಐದರಲ್ಲಿ, ಆದರೂ ಅಲ್ಲೇ ಇಳಿದುಬಿಟ್ಟೆ. ತರಕಾರಿ ಚೀಲ ಹಿಡಿದುಕೊಂಡು ಯಾರದೋ ಬಾಗಿಲ ಮುಂದೆ ಮೂಗರಳಿಸಿ ನಿಂತ ನನ್ನನ್ನು ಕಂಡಿದ್ದರೆ ಜನ ಏನೆಂದುಕೊಳ್ಳುತ್ತಿದ್ದರೋ... ಅಂದುಕೊಳ್ಳಲಿ. ಕುಚ್ಚಲಕ್ಕಿ ಗಂಜಿ ಉಂಡು ಬೆಳೆದ ಉಡುಪಿಯವಳಿಗೆ ಜೋಳದ ರೊಟ್ಟಿಯ ವಾಸನೆಗೆ ಕಣ್ಣು ತುಂಬಿತು ಎಂದರೆ ನನಗೇ ನಗು ಬರುತ್ತದೆ. ಡೊಂಬಿವಲಿಯ ಮಾವಶಿ ನೆನಪಾಗಿದ್ದರು.

ವಿಜಾಪುರದ ಕಡೆ ತಾಯಿಯ ತಂಗಿಯನ್ನು ಮಾವಶಿ ಎನ್ನುತ್ತಾರಂತೆ. ಆಗ ಡೊಂಬಿವಲಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಈ ಹೆಂಗಸು ಇಡೀ ಬಿಲ್ಡಿಂಗಿಗೇ ಮಾವಶಿ. ಗಂಡ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. ಅವರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಮಾವಶಿ ಬೆಳಿಗ್ಗೆ ಐದಕ್ಕೆ ಎದ್ದು ಹತ್ತು ಹನ್ನೆರಡು ಮನೆಗಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದರು, ಸಂಜೆಗೆ ಮತ್ತೊಂದು ಸುತ್ತು. ಗೋಡೆಯಾಚೆಯ ಆ ಪಟಪಟ ಸದ್ದೇ ನನಗೆ ಅಲಾರಂ.

ನಾನು ಪಿಯುಸಿ ಮುಗಿದ ಕೂಡಲೇ ಮದುವೆಯಾಗಿ ಬಂದವಳು. ಎರಡು ಸಾವಿರದ ಆರೋ ಏಳೋ ಇರಬೇಕು, ಒಂದು ಸಣ್ಣ ಕಂಪನಿಯಲ್ಲಿ ಬಿಲ್ಲು ಬರೆಯುತ್ತಿದ್ದೆ. "ಡಿಗ್ರಿ ಮುಗಿಸು, ಅಕೌಂಟ್ಸ್‌ಗೆ ಹಾಕ್ತೇನೆ" ಎಂದು ಸಾಹೇಬರು ಹೇಳಿದ್ದೇ ತಡ, ದೂರಶಿಕ್ಷಣದಲ್ಲಿ ಬಿ.ಕಾಂ.ಗೆ ಸೇರಿಬಿಟ್ಟೆ. ಪುಸ್ತಕ ಅಂಚೆಯಲ್ಲಿ ಬರುತ್ತಿತ್ತು, ಭಾನುವಾರ ಠಾಣೆಯಲ್ಲಿ ಕ್ಲಾಸು. ಫೀಸು ಮಾತ್ರ ನಾನೇ ಕೈಖರ್ಚಿನಲ್ಲಿ ಉಳಿಸಿ ಹೊಂದಿಸಬೇಕಿತ್ತು, ಏಕೆಂದರೆ ನನ್ನ ಪಗಾರ ಹೆಚ್ಚುಕಡಿಮೆ ಪೂರ್ತಿ ಮನೆ ಬಾಡಿಗೆಗೆ ಹೋಗುತ್ತಿತ್ತು.

ಉಳಿಸುವುದರಲ್ಲಿ ನಾನೇನು ಕಡಿಮೆಯವಳಲ್ಲ. ಶೇರ್ ರಿಕ್ಷಾ ಬಿಟ್ಟು ಆಫೀಸಿನಿಂದ ನಡೆದೇ ಬರುತ್ತಿದ್ದೆ. ಆಫೀಸಿನ ರದ್ದಿ ಕಾಗದದ ಹಿಂಬದಿಯಲ್ಲಿ ಲೆಕ್ಕ ಮಾಡುತ್ತಿದ್ದೆ. ಸ್ಟೇಷನ್ನಿನ ಹೊರಗೆ ವಡಾಪಾವ್ ಗಾಡಿ ಬಂದರೆ ಮುಖ ಆಚೆ ತಿರುಗಿಸಿಕೊಂಡು ನಡೆಯುತ್ತಿದ್ದೆ. ಆದರೆ ಉಳಿಸಿದ್ದು ಮನೆಯಲ್ಲಿ ನಿಲ್ಲಬೇಕಲ್ಲ! ನಮ್ಮವರು ಹೋಟೆಲಿನಲ್ಲಿ ಕ್ಯಾಷಿಯರ್, ಬಂಗಾರದಂಥ ಮನುಷ್ಯ, ಆದರೆ ಕೈ ಸಡಿಲ. ಊರಿನಿಂದ ಯಾರು ಫೋನ್ ಮಾಡಿ ಕಷ್ಟ ಎಂದರೂ ಕಪಾಟಿನ ಬಾಗಿಲು ತೆರೆಯುತ್ತಿತ್ತು. ನಾನೂ ಕಮ್ಮಿಯೇನಲ್ಲ, ಸೀರೆಯವನು ಗಂಟು ಬಿಚ್ಚಿದರೆ ಮುಗಿಯಿತು.

ಒಂದು ದಿನ ಮಾವಶಿಯ ಹತ್ತಿರ ಇದನ್ನೇ ಗೋಳಾಡಿಕೊಂಡೆ. ಅವರು ಹಿಟ್ಟಿನ ಕೈ ಒರೆಸಿಕೊಂಡು, "ನನ್ನ ಕಡೆ ಇಡು. ಆದ್ರ ಒಂದ್ ಮಾತು ನೋಡವಾ, ನಡುವ ಬಂದು ಕೇಳಿದ್ರ ಕೊಡಂಗಿಲ್ಲ" ಎಂದರು. ನಾನು ನಕ್ಕೆ. ನನ್ನ ದುಡ್ಡು, ಕೇಳಿದರೆ ಕೊಡದೆ ಏನು ಮಾಡಿಯಾರು!

ಪ್ರತಿ ಶನಿವಾರ ಕೊಟ್ಟು ಬರುತ್ತಿದ್ದೆ. ಫೀಸು ಕಟ್ಟುವ ದಿನ ಜೋಳದ ಹಿಟ್ಟಿನ ಘಮ ಹಿಡಿದ ನೋಟುಗಳು ಕೈಗೆ ಬರುತ್ತಿದ್ದವು. ಮೊದಲೆರಡು ವರ್ಷ ಹಾಗೆಯೇ ದಾಟಿದವು.

ಕೊನೆಯ ವರ್ಷದ ಫೀಸಿಗೆ ಇನ್ನೂ ಹದಿನೈದು ದಿನವಿದೆ ಎನ್ನುವಾಗ ಊರಿನಲ್ಲಿ ನಾದಿನಿಯ ಸೀಮಂತ ನಿಶ್ಚಯವಾಯಿತು. ಬೊಂಬಾಯಿಯಲ್ಲಿ ಇಬ್ಬರೂ ದುಡಿಯುವವರು, ರೇಷ್ಮೆ ಸೀರೆ ಕೊಡದಿದ್ದರೆ ಮರ್ಯಾದೆ ಇದೆಯಾ? ಫೀಸಿಗೆ ಹೇಗಾದರೂ ಹೊಂದಿಸಿದರಾಯಿತು ಎಂದುಕೊಂಡೆ. ಹೇಗೆ ಎಂದು ಯೋಚಿಸಲಿಲ್ಲ. ಆ ವರ್ಷ ತಪ್ಪಿದರೆ ಅಕೌಂಟ್ಸ್‌ನ ಜಾಗ ಬೇರೆಯವರ ಪಾಲಾಗುತ್ತದೆ ಎನ್ನುವುದು ಗೊತ್ತಿದ್ದೂ ಯೋಚಿಸಲಿಲ್ಲ.

"ಮಾವಶಿ, ನನ್ನ ದುಡ್ಡು ಬೇಕಿತ್ತು" ಎಂದೆ.

"ಫೀ ಕಟ್ಟೂ ದಿನ ಬಾ."

"ಅಲ್ಲ ಮಾರಾಯ್ರೆ, ಅರ್ಜೆಂಟು ಉಂಟು."

"ಅರ್ಜಂಟ್ ಇದ್ದಾಗ ಕೊಡಬಾರದಂತನಽ ಇಟಗೊಂಡೇನಿ" ಎಂದು ಅವರು ಮತ್ತೆ ರೊಟ್ಟಿ ಬಡಿಯತೊಡಗಿದರು.

ನಾಲ್ಕು ದಿನ ಬಿಟ್ಟು ಕೇಳಿದೆ, ಅದೇ ಉತ್ತರ. ಸೀಮಂತದ ದಿನ ಹತ್ತಿರ ಬಂತು. ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಕೊಡಲು ದುಡ್ಡಿದ್ದರೆ ಕೊಡುತ್ತಿರಲಿಲ್ಲವೇ? ಖರ್ಚು ಮಾಡಿಕೊಂಡಿರಬೇಕು... ಫೀಸಿಗೆ ಕೊನೆಯ ದಿನ ಶುಕ್ರವಾರ. ಗುರುವಾರ ಸಂಜೆ ರೊಟ್ಟಿ ಒಯ್ಯಲು ಬಂದ ಇಬ್ಬರು ಮೆಟ್ಟಿಲಲ್ಲಿ ನಿಂತಿರುವಾಗಲೇ ಬಾಯಿ ಬಿಟ್ಟೆ. "ನನ್ನ ದುಡ್ಡು ತಿಂದಿದ್ದರೆ ತಿಂದೆ ಅಂತ ಹೇಳಿಬಿಡಿ ಮಾವಶಿ. ಸುಮ್ಮನೆ ಆಟ ಆಡಿಸಬೇಡಿ."

ಈ ನಾಲಿಗೆಗೆ ಆಗ ಬರೆ ಹಾಕುವವರು ಇರಲಿಲ್ಲ. ಮಾವಶಿ ಒಳಗೆ ಹೋದರು. ದೇವರ ಪಟದ ಹಿಂದಿನಿಂದ ಒಂದು ಲಕೋಟೆ ತಂದು ನನ್ನ ಕೈಗಿಟ್ಟರು. ಒಳಗೆ ಡಿ.ಡಿ. ಇತ್ತು. ಫೀಸಿನಷ್ಟೇ ಮೊತ್ತ, ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ. ತಿಂಗಳ ಹಿಂದೆಯೇ ಮಾಡಿಸಿಟ್ಟಿದ್ದರು. ಈ ವರ್ಷದಿಂದ ಫೀಸು ಡಿ.ಡಿ.ಯಲ್ಲೇ ಕಟ್ಟಬೇಕು ಎಂದು ನಾನೇ ಯಾವಾಗಲೋ ಹೇಳಿದ್ದೆ. ಮೊದಲೇ ಕೊಟ್ಟರೆ ಅದನ್ನೂ ಮುರಿಸಿಬಿಡುತ್ತೇನೆ ಎಂಬ ಹೆದರಿಕೆಗೆ ಕೊನೆಯ ದಿನದವರೆಗೆ ಬಾಯಿ ಬಿಟ್ಟಿರಲಿಲ್ಲ.

ನೆಲ ಬಾಯಿ ಬಿಡಬಾರದೇ ಎನಿಸಿತು. ಅಷ್ಟರಲ್ಲಿ ಡಿ.ಡಿ.ಯ ಮೇಲೆ ಕಣ್ಣು ಹಾಯಿಸಿದೆ. ವಿಶ್ವವಿದ್ಯಾಲಯದ ಹೆಸರಿರಬೇಕಾದ ಕಡೆ ನನ್ನ ಹೆಸರಿತ್ತು!

"ಮಾವಶಿ, ಇದು ನನ್ನ ಹೆಸರಿಗೆ ಆಗಿದೆಯಲ್ಲ..."

"ಮತ್ತ ಯಾರ ಹೆಸರಿಗೆ ಮಾಡಸ್ಬೇಕಿತ್ತು? ಓದಾಕಿ ನೀನು, ಉಳಿಸ್ದಾಕಿ ನೀನು. ನಡುವ ಬ್ಯಾರೆಯವರ ಹೆಸರು ಯಾಕ?"

ಬ್ಯಾಂಕಿನ ಅರ್ಜಿ ಬರೆದವರು ಕಾಕಾ. ಹೆಂಡತಿ ಹೇಳಿದ್ದಕ್ಕೆ ಎಂದೂ ಎದುರಾಡದ ಜೀವ ಅದು.

ಮರುದಿನ ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ನಾವು ಮೂವರೂ ಹಾಜರು. ಸಹಿ ಹಾಕಲು ಕಾಕಾ ಅರ್ಧ ದಿನ ರಜೆ ಹಾಕಿದ್ದರು. ಹಳೆಯದನ್ನು ರದ್ದು ಮಾಡಿ ಹೊಸದು ಕೊಡಬೇಕಾದರೆ ನಾಳೆ ಬನ್ನಿ ಎಂದರು ಗುಮಾಸ್ತರು. ಮಾವಶಿ ಎದುರಿನ ಬೆಂಚಿನ ಮೇಲೆ ಕುಳಿತು, ಚೀಲದಿಂದ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಹರವಿದರು. "ನಾಳೆ ತನಕಾ ಇಲ್ಲೇ ಕುಂದರ್ತೀವಿ. ಪೋರೀಚಿ ಫೀ ಆಹೆ, ಬಾಬಾ" ಎಂದು, ಇದು ಹುಡುಗಿಯ ಫೀಸಪ್ಪಾ ಎಂಬುದನ್ನು ಅವರಿಗೆ ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ತಿಳಿಸಿದರು. ನಿಮಗೂ ಒಂದು ತಿನ್ನಿ ಎಂದು ರೊಟ್ಟಿಯನ್ನೂ ಚಾಚಿದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಗುಮಾಸ್ತರು ನಕ್ಕುಬಿಟ್ಟರು, ಮ್ಯಾನೇಜರರ ಕೋಣೆಗೆ ಹೋಗಿ ಬಂದರು. ಹನ್ನೆರಡೂವರೆಗೆ ಹೊಸ ಡಿ.ಡಿ. ನಮ್ಮ ಕೈಯಲ್ಲಿತ್ತು. ರದ್ದತಿಗೆ ಹಿಡಿದ ಹಣವನ್ನು ಮಾವಶಿಯೇ ಕೊಟ್ಟರು. ನಾನು ಪರ್ಸು ತೆಗೆದರೆ ಕೈ ಹಿಡಿದು ಮತ್ತೆ ಚೀಲದೊಳಕ್ಕೆ ತುರುಕಿದರು.

ಕಾಕಾ ಕೆಲಸಕ್ಕೆ ಹೋದರು. ಮಾವಶಿ ನನ್ನೊಂದಿಗೆ ಠಾಣೆಗೇ ಹೊರಟರು. ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಬಾಗಿಲ ಪಕ್ಕ ಒತ್ತಿಕೊಂಡು ನಿಂತಾಗ, "ಮಾವಶಿ, ನಾನು ನಿನ್ನೆ ಹಾಗೆ ಅನ್ನಬಾರದಿತ್ತು" ಎಂದೆ.

"ಕೇಳ್ಸವಲ್ದವಾ, ಗದ್ದಲ ಭಾಳೈತಿ" ಎಂದರು, ನನ್ನ ಮುಖವನ್ನೇ ನೋಡುತ್ತ. ಅಷ್ಟು ಹತ್ತಿರ ನಿಂತವರಿಗೆ ಕೇಳಿಸದೇ ಇರುತ್ತದೆಯೇ?

ಕೌಂಟರು ಮುಚ್ಚಲು ಅರ್ಧ ಗಂಟೆಯಿದೆ ಎನ್ನುವಾಗ ಫೀಸು ಕಟ್ಟಿದೆವು. ರಸೀದಿಯನ್ನು ಮಾವಶಿ ಕೈಗೆ ತೆಗೆದುಕೊಂಡು ಮುಂದೆ, ಹಿಂದೆ ತಿರುಗಿಸಿ ನೋಡಿದರು. ಮನೆಗೆ ಬರುವವರೆಗೆ ನನಗೆ ಕೊಡಲಿಲ್ಲ. ನಾದಿನಿಗೆ ಕಾಟನ್ ಸೀರೆ ಕಳಿಸಿದೆವು, ಯಾರ ಮರ್ಯಾದೆಯೂ ಹೋಗಲಿಲ್ಲ.

ಪಾಸಾದೆ, ಅಕೌಂಟ್ಸ್‌ಗೆ ಹೋದೆ. ಆ ಪಗಾರದಿಂದಲೇ ಮುಂದೆ ಕಾಮೋಠೆಯ ಈ ಮನೆಯೂ ಆಯಿತು. ಕಾಕಾ ಕೆಲಸ ಬಿಟ್ಟ ಮೇಲೆ ಅವರಿಬ್ಬರೂ ಬದಲಾಪುರಕ್ಕೆ ಹೋದರು. ಎರಡು ಸಲ ಹೋಗಿ ಬಂದೆ. ಮೂರನೆಯ ಸಲ ಹೋಗುವಾ ಹೋಗುವಾ ಎನ್ನುತ್ತಲೇ ವರ್ಷಗಳಾದವು... ಮಾವಶಿ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಮೂರು ತಿಂಗಳ ಮೇಲೆ, ಹಳೆಯ ಬಿಲ್ಡಿಂಗಿನವರೊಬ್ಬರು ಪನ್ವೇಲ್ ಸ್ಟೇಷನ್ನಿನಲ್ಲಿ ಸಿಕ್ಕಾಗ. ಅಲ್ಲೇ ನಿಂತು ಅತ್ತೆ.

ದೂರಲು ಏನೂ ಇಲ್ಲ, ಹೊಟ್ಟೆ ತಣ್ಣಗಿದೆ. ನನ್ನ ದುಡ್ಡು ಈಗ ಮೊಬೈಲಿನಲ್ಲೇ ಇರುತ್ತದೆ, ಬೆರಳು ಒತ್ತಿದರೆ ಹೋಗುತ್ತದೆ. ಹೋದ ವಾರ, ಮನೆಯಲ್ಲಿ ಎರಡಿದ್ದರೂ, ಕೂತಲ್ಲೇ ಮೂರನೆಯ ಮಿಕ್ಸರು ತರಿಸಿದೆ. ಬೇಡ ಎನ್ನಲು ಯಾರೂ ಇರಲಿಲ್ಲ.